ಏಪ್ರನ್ ಗೂಟದಲ್ಲಿ, ಬ್ಯಾಡ್ಜ್ ಡ್ರಾಯರಿನಲ್ಲಿ: ಎಕ್ಸ್‌ರೇ ಸಿಬ್ಬಂದಿಯನ್ನು ವಿಕಿರಣ ಸುರಕ್ಷತೆಗೆ ಒಗ್ಗಿಸುವ ಬಗೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಮಲೆನಾಡಿನ ಎಕ್ಸ್‌ರೇ ಕೋಣೆಗಳಿಗೆ ಪುರುಸೊತ್ತಿರುವುದಿಲ್ಲ. ಮರದಿಂದ ಬಿದ್ದ ಕೊನೆಗಾರನನ್ನು ಜೀಪಿನಲ್ಲಿ ಮಲಗಿಸಿಕೊಂಡು ತರುತ್ತಾರೆ. ಬೆನ್ನುಮೂಳೆಗೆ ಎರಡು, ಸೊಂಟಕ್ಕೆ ಒಂದು, ಎದೆಗೆ ಒಂದು, ನೆಟ್ಟಗೆ ಕಾಲಿನ ಮೇಲೆ ಬಿದ್ದಿದ್ದರೆ ಹಿಮ್ಮಡಿಗೆ ಇನ್ನೆರಡು. ನೋವಿಗೆ ಮನುಷ್ಯ ಅಲುಗುತ್ತಾನೆ, ಯಾರಾದರೂ ಹಿಡಿದುಕೊಳ್ಳಬೇಕು. ಹಿಡಿಯುವವನು ವಾರ್ಡ್ ಬಾಯ್. ಸೀಸದ ಏಪ್ರನ್ ಆಚೆ ಗೋಡೆಯ ಗೂಟದಲ್ಲಿದೆ, ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಟೆಕ್ನಿಷಿಯನ್ ಬ್ಯಾಡ್ಜ್ ಡ್ರಾಯರಿನಲ್ಲಿದೆ, ಬಾಗಿಲು ಅರ್ಧ ತೆರೆದಿದೆ, ಹೊರಗೆ ಬೆಂಚಿನ ಮೇಲೆ ಆತನ ಹೆಂಡತಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. "ಒಂದು ಶಾಟ್‌ಗೆ ಎಂತ ಆಗತ್ತೆ ಮಾರಾಯ" ಎನ್ನುವಷ್ಟರಲ್ಲಿ ಎಕ್ಸ್‌ಪೋಶರ್ ಮುಗಿದಿರುತ್ತದೆ.

ಆ ಕೋಣೆಯಲ್ಲಿ ನಿಯಮ ಗೊತ್ತಿಲ್ಲದ ಟೆಕ್ನಿಷಿಯನ್ ಇಲ್ಲ. ಡಿಪ್ಲೊಮಾದಲ್ಲಿ ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದಿದ್ದಾರೆ, ಗೋಡೆಗೆ ಪೋಸ್ಟರೂ ಅಂಟಿಸಿದೆ. ಹಾಗಾಗಿ ಇನ್ನೊಂದು ಪೋಸ್ಟರ್, ಇನ್ನೊಂದು ಭಾಷಣದಿಂದ ಏನೂ ಬದಲಾಗುವುದಿಲ್ಲ. ನಿಯಮ ಪಾಲಿಸಲು ಹತ್ತು ಹೆಜ್ಜೆ ನಡೆಯಬೇಕು, ಮುರಿಯಲು ಇದ್ದಲ್ಲೇ ಇದ್ದರೆ ಸಾಕು ಎನ್ನುವಂತೆ ಕೋಣೆ ಜೋಡಿಸಿಟ್ಟರೆ ಒಳ್ಳೆಯವರೂ ಮುರಿಯುತ್ತಾರೆ. ಅದನ್ನು ತಿರುವುಮುರುವು ಮಾಡುವುದೇ ವಿಕಿರಣ ಸುರಕ್ಷತಾ ಅಧಿಕಾರಿಯ, ಅಂದರೆ ಆರ್‌ಎಸ್‌ಒ ಅವರ ಕೆಲಸ. ತಾಲೂಕು ಆಸ್ಪತ್ರೆಯಲ್ಲಿ ಎಷ್ಟೋ ಸಲ ಹಿರಿಯ ರೇಡಿಯಾಗ್ರಫರ್ ಒಬ್ಬರೇ ಆರ್‌ಎಸ್‌ಒ, ಇನ್‌ಚಾರ್ಜ್ ಎಲ್ಲವೂ ಆಗಿರುತ್ತಾರೆ. ಅಂಥವರಿಗಾಗಿ ಈ ಬರಹ.

ಒಂದು ವಾರ ಸುಮ್ಮನೆ ನೋಡಿ

ಯಾರಿಗೂ ಏನೂ ಹೇಳದೆ ಒಂದು ವಾರ ಎಣಿಸಿ. ಬೆಳಗಿನ ಓಪಿಡಿಯಲ್ಲಿ ಹತ್ತು ಎಕ್ಸ್‌ಪೋಶರ್, ರಾತ್ರಿ ಪಾಳಿಯಲ್ಲಿ ಹತ್ತು, ವಾರ್ಡಿನ ಪೋರ್ಟಬಲ್ ಮತ್ತು ಓಟಿಯ ಸಿ-ಆರ್ಮ್ (ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ಸೇರಿ ಹತ್ತು. ಪ್ರತಿಯೊಂದಕ್ಕೂ ಐದೇ ಪ್ರಶ್ನೆ: ಬ್ಯಾಡ್ಜ್ ಮೈಮೇಲಿತ್ತೇ, ಬಾಗಿಲು ಪೂರ್ತಿ ಮುಚ್ಚಿತ್ತೇ, ಒಳಗೆ ನಿಂತವರೆಲ್ಲ ಏಪ್ರನ್ ತೊಟ್ಟಿದ್ದರೇ, ರೋಗಿಯನ್ನು ಹಿಡಿದವರು ಯಾರು, ಕಿರಣ ಬೀಳುವ ಜಾಗವನ್ನು ಬೇಕಾದಷ್ಟಕ್ಕೇ ಕಿರಿದು ಮಾಡಿದ್ದರೇ. ಹೆಸರು ಬರೆಯಬೇಡಿ, ಎಣಿಕೆ ಮಾತ್ರ ಸಾಕು. ಹೆಸರು ಬರೆದ ಚೀಟಿ ಒಂದಲ್ಲ ಒಂದು ದಿನ ಅಧೀಕ್ಷಕರ ಮೇಜಿಗೆ ಹೋಗುತ್ತದೆ. ಆಮೇಲೆ ನಿಮ್ಮೆದುರು ಮಾತ್ರ ಎಲ್ಲರೂ ಏಪ್ರನ್ ತೊಡುತ್ತಾರೆ.

ವಾರ ಕಳೆದ ಮೇಲೆ ಒಬ್ಬೊಬ್ಬರನ್ನೇ ಚಹಾಕ್ಕೆ ಕೂರಿಸಿ ಕಾರಣ ಕೇಳಿ. ಸಿಗುವ ಉತ್ತರಗಳು ಸಾಮಾನ್ಯವಾಗಿ ಹೀಗಿರುತ್ತವೆ. ಬ್ಯಾಡ್ಜ್ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ, ಅದಕ್ಕೇ ಡ್ರಾಯರಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ. ಡೋಸ್ (ಮೈಗೆ ಬಿದ್ದ ವಿಕಿರಣದ ಲೆಕ್ಕ) ಜಾಸ್ತಿ ಬಂದರೆ ಬೇರೆ ಕಡೆ ಹಾಕುತ್ತಾರೆ. ಏಪ್ರನ್ ಬೆವರು ನಾತ, ಮಳೆಗಾಲದಲ್ಲಿ ಬೂಷ್ಟು. ಡಾಕ್ಟರಿಗೆ ಅವಸರ, ಅವರಿಗೆ ಹೇಳುವವರು ಯಾರು? ಇವುಗಳಲ್ಲಿ ಒಂದೂ ಅಜ್ಞಾನವಲ್ಲ. ಮೊದಲ ಎರಡಂತೂ ಆಡಳಿತ ತಾನೇ ಹುಟ್ಟಿಸಿದ ತೊಂದರೆ. ಕಳೆದುಹೋದ ಬ್ಯಾಡ್ಜಿಗೆ ಸಂಬಳ ಕತ್ತರಿಸುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಅದು ನಿಲ್ಲದೆ ಮುಂದಿನದೆಲ್ಲ ವ್ಯರ್ಥ.

ಬ್ಯಾಡ್ಜ್

ಮೂರು ತಿಂಗಳಿಗೊಮ್ಮೆ ಹೊಸ ಕಾರ್ಡುಗಳು ಬಂದ ದಿನ ಎಲ್ಲರನ್ನೂ ಸೇರಿಸಿ, ಹೋಲ್ಡರ್ ತೆರೆದು ತೋರಿಸಿ. ಕಾರ್ಡಿನಲ್ಲಿ ಮೂರು ಬಿಳಿ ಡಿಸ್ಕುಗಳಿವೆ, ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್ ಜೊತೆ ಸೇರಿಸಿ ಮಾಡಿದವು. ಹೋಲ್ಡರಿನಲ್ಲಿ ಒಂದರ ಮುಂದೆ ಲೋಹದ ತಗಡು, ಇನ್ನೊಂದರ ಮುಂದೆ ಪ್ಲಾಸ್ಟಿಕ್, ಮೂರನೆಯದರ ಮುಂದೆ ಏನೂ ಇಲ್ಲ. ಮೂರೂ ಡಿಸ್ಕುಗಳ ಲೆಕ್ಕ ಹೋಲಿಸಿಯೇ ಬಿದ್ದದ್ದು ಎಂಥ ಕಿರಣ, ಎಷ್ಟು ಎಂದು ಹೇಳುವುದು. ಆದ್ದರಿಂದ ಹೋಲ್ಡರ್ ಇಲ್ಲದೆ ಬರೀ ಕಾರ್ಡನ್ನು ಜೇಬಿಗೆ ಹಾಕಿಕೊಂಡರೂ, ಕಾರ್ಡನ್ನು ತಿರುವಿ ಸಿಕ್ಕಿಸಿದರೂ ಲೆಕ್ಕ ತಪ್ಪುತ್ತದೆ. ಲ್ಯಾಬಿನಲ್ಲಿ ಡಿಸ್ಕನ್ನು ಬಿಸಿ ಮಾಡುತ್ತಾರೆ, ಹೀರಿಕೊಂಡಿದ್ದ ಶಕ್ತಿ ಬೆಳಕಾಗಿ ಹೊರಬರುತ್ತದೆ, ಆ ಬೆಳಕನ್ನು ಅಳೆಯುತ್ತಾರೆ. ಇಷ್ಟು ತಿಳಿದವರಿಗೆ ಒದ್ದೆ ಅಂಗಿಯ ಜೊತೆ ಬ್ಯಾಡ್ಜನ್ನೂ ಬಚ್ಚಲ ಒಲೆಯ ಮೇಲೆ ಒಣಹಾಕಬಾರದು ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಮಲೆನಾಡಿನ ಆಷಾಢದಲ್ಲಿ ಇದು ತಮಾಷೆಯ ಮಾತೇನಲ್ಲ.

ಬ್ಯಾಡ್ಜ್ ಎದೆಯ ಮಟ್ಟದಲ್ಲಿ, ಏಪ್ರನ್ ತೊಟ್ಟರೆ ಅದರ ಒಳಗೆ ಇರಬೇಕು. ಹೊರಗೆ ಸಿಕ್ಕಿಸಿಕೊಂಡರೆ ಮೈಗೆ ತಾಗದ ಡೋಸೂ ನಿಮ್ಮ ಖಾತೆಗೆ ಬೀಳುತ್ತದೆ. ಏಪ್ರನ್ನಿಗೇ ಬ್ಯಾಡ್ಜ್ ಸಿಕ್ಕಿಸಿ ಕೋಣೆಯೊಳಗೆ ತೂಗುಹಾಕಿ ಹೋಗುವವರಿದ್ದಾರೆ. ಅದು ಹಗಲೂ ರಾತ್ರಿ ಅಲ್ಲೇ ನಿಂತು ಕೆಲಸ ಮಾಡಿದ ಮನುಷ್ಯನ ಡೋಸನ್ನು ತೋರಿಸುತ್ತದೆ.

ಡ್ರಾಯರಿನ ಬದಲು ಒಂದು ಹಲಗೆ ಮಾಡಿಸಿ. ಹಾಜರಾತಿ ಯಂತ್ರದ ಪಕ್ಕ, ಎಕ್ಸ್‌ರೇ ಕೋಣೆಯ ಗೋಡೆಯಿಂದ ದೂರ, ಒಣಗಿದ ಜಾಗದಲ್ಲಿ. ಒಬ್ಬೊಬ್ಬರಿಗೆ ಒಂದು ಕೊಕ್ಕೆ, ಮೇಲೆ ಹೆಸರು. ಬೆರಳೊತ್ತಿ ಬ್ಯಾಡ್ಜ್ ತೆಗೆದುಕೊಳ್ಳುವುದು, ಹೋಗುವಾಗ ತಿರುಗಿ ಸಿಕ್ಕಿಸಿ ಬೆರಳೊತ್ತುವುದು. ಕೆಲಸದ ಹೊತ್ತಿನಲ್ಲಿ ಕೊಕ್ಕೆ ಖಾಲಿ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ, ನೀವು ಕೇಳಬೇಕಾಗಿಲ್ಲ. ಕಂಟ್ರೋಲ್ ಬ್ಯಾಡ್ಜನ್ನೂ ಇದೇ ಹಲಗೆಯಲ್ಲಿ ಇಡಿ. ಅದು ಯಾರೂ ತೊಡದ, ಊರಿನ ಸಹಜ ವಿಕಿರಣವನ್ನಷ್ಟೇ ಅಳೆಯಬೇಕಾದ ಕಾರ್ಡು. ಅದನ್ನು ಎಕ್ಸ್‌ರೇ ಕೋಣೆಯ ಕಪಾಟಿನಲ್ಲಿ ಮರೆತರೆ ಎಲ್ಲರ ಲೆಕ್ಕದಿಂದ ಬೇಡದಷ್ಟು ಕಳೆದುಹೋಗಿ, ನಿಜವಾದ ಡೋಸೂ ಸೊನ್ನೆಯಾಗಿ ಕಾಣುತ್ತದೆ. ಅವಧಿ ಮುಗಿದಾಗ ಅದೂ ಉಳಿದವುಗಳ ಜೊತೆಗೇ ಲ್ಯಾಬಿಗೆ ಹೋಗಬೇಕು.

ಬೆಳಿಗ್ಗೆ ಒಂದು ಆಸ್ಪತ್ರೆ, ಸಂಜೆ ಇನ್ನೊಂದು ಡಯಾಗ್ನೋಸ್ಟಿಕ್ ಸೆಂಟರ್ ಎಂದು ದುಡಿಯುವ ಟೆಕ್ನಿಷಿಯನ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎರಡೂ ಕಡೆ ಬೇರೆ ಬೇರೆ ಬ್ಯಾಡ್ಜ್ ಬೇಕು. ಒಂದೇ ವೈಯಕ್ತಿಕ ಸಂಖ್ಯೆಯಡಿ ಎರಡೂ ಡೋಸ್ ಕೂಡುತ್ತವೆ. ಇಲ್ಲಿನ ಬ್ಯಾಡ್ಜ್ ಅಲ್ಲಿಗೆ ಒಯ್ದರೆ ಹೆಚ್ಚು ಡೋಸ್ ಬಂದ ದಿನ ತಪ್ಪು ಯಾವ ಕೋಣೆಯದು ಎಂದು ಪತ್ತೆ ಮಾಡಲಾಗುವುದಿಲ್ಲ.

ನೀರಿನ ಕ್ಯಾನ್ ಮತ್ತು ಮೀಟರ್

ಮನಸ್ಸು ತಿರುಗಿಸುವುದರಲ್ಲಿ ಇದಕ್ಕಿಂತ ಗಟ್ಟಿಯಾದ ಉಪಾಯ ಇನ್ನೊಂದಿಲ್ಲ. ಎರಡು ವರ್ಷಕ್ಕೊಮ್ಮೆ ಯಂತ್ರದ ಗುಣಮಟ್ಟ ಪರೀಕ್ಷೆಗೆ ಬರುವವರ ಬಳಿ ವಿಕಿರಣ ಅಳೆಯುವ ಸರ್ವೇ ಮೀಟರ್ ಇರುತ್ತದೆ. ಆ ದಿನ ಅರ್ಧ ಗಂಟೆ ಹೆಚ್ಚು ಕೇಳಿಕೊಳ್ಳಿ. ಅಯಾನೈಸೇಶನ್ ಚೇಂಬರ್ ಮಾದರಿಯ ಮೀಟರ್ ಆದರೆ ಒಳ್ಳೆಯದು. ಎಕ್ಸ್‌ರೇಯಂಥ ಕ್ಷಣಿಕ, ತೀವ್ರ ಕಿರಣಕ್ಕೆ ಗೈಗರ್ ಟ್ಯೂಬು ಕಕ್ಕಾಬಿಕ್ಕಿಯಾಗಿ ಕಡಿಮೆ ತೋರಿಸಬಹುದು.

20 ಲೀಟರಿನ ಕುಡಿಯುವ ನೀರಿನ ಕ್ಯಾನ್ ತುಂಬಿ, ಮುಚ್ಚಳ ಬಿಗಿಮಾಡಿ, ಟೇಬಲ್ ಮೇಲೆ ಮಲಗಿಸಿ. ಅದೇ ನಿಮ್ಮ ರೋಗಿ: ರೋಗಿಯ ಮೈಯಂತೆ ನೀರೂ ಕಿರಣವನ್ನು ಸುತ್ತಲೂ ಚೆದುರಿಸುತ್ತದೆ. ಕ್ಯಾನಿನಿಂದ 1, 2, 3 ಮೀಟರ್ ದೂರಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೀಟರನ್ನು ಸಲೈನ್ ಸ್ಟ್ಯಾಂಡಿಗೆ ಸೊಂಟದ ಮಟ್ಟದಲ್ಲಿ ಕಟ್ಟಿ, ಎದುರಿಗೆ ಒಂದು ಮೊಬೈಲನ್ನು ವೀಡಿಯೊಗೆ ಹಚ್ಚಿಡಿ. ಜನರೆಲ್ಲ ಸೀಸದ ತಡೆಯ ಹಿಂದೆಯೇ ಇರಬೇಕು, ಮೀಟರ್ ಓದಲು ಯಾರೂ ಒಳಗೆ ನಿಲ್ಲಬಾರದು. 70 ಕೆವಿ (ಕಿರಣ ಹೊರಡಿಸುವ ಟ್ಯೂಬಿನ ವೋಲ್ಟೇಜ್), ಯಂತ್ರ ತಾಳುವಷ್ಟು ಎಂಎ (ಟ್ಯೂಬಿನ ಕರೆಂಟ್), ಸಮಯ ಒಂದು ಸೆಕೆಂಡು. ಸೆಕೆಂಡಿನ ಹತ್ತನೇ ಒಂದು ಭಾಗದ ಶಾಟ್ ಕೊಟ್ಟರೆ ಮುಳ್ಳು ಏಳುವ ಮೊದಲೇ ಕಿರಣ ನಿಂತಿರುತ್ತದೆ, ಓದು ಕಡಿಮೆ ಬರುತ್ತದೆ. ಎರಡು ಶಾಟ್‌ಗಳ ನಡುವೆ ಟ್ಯೂಬ್ ತಣಿಯಲು ಬಿಡಿ.

ಒತ್ತುವ ಮೊದಲು ಎಲ್ಲರ ಅಂದಾಜನ್ನು ಬೋರ್ಡಿನ ಮೇಲೆ ಬರೆಯಿಸಿ. ಒಂದು ಮೀಟರಿನಲ್ಲಿ ಬಂದದ್ದು ಎರಡು ಮೀಟರಿನಲ್ಲಿ ಅರ್ಧವಾಗುತ್ತದೆ ಎಂದೇ ಹೆಚ್ಚಿನವರು ಹೇಳುತ್ತಾರೆ. ಬರುವುದು ಸುಮಾರು ಕಾಲು ಭಾಗ, ಮೂರು ಮೀಟರಿನಲ್ಲಿ ಒಂಬತ್ತನೇ ಒಂದು ಭಾಗದ ಆಸುಪಾಸು. ಗೋಡೆಗೆ ಬಡಿದು ಮರಳುವ ಕಿರಣವೂ ಸೇರುವುದರಿಂದ ಲೆಕ್ಕ ಚೊಕ್ಕಟವಾಗಿ ಬರುವುದಿಲ್ಲ, ಆದರೆ ಎರಡು ಹೆಜ್ಜೆ ಹಿಂದೆ ಸರಿದರೆ ಎಷ್ಟು ಉಳಿತಾಯ ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಮೀಟರಿನ ಮುಂದೆ ನಿಮ್ಮದೇ ಏಪ್ರನ್ ಇಳಿಬಿಟ್ಟು ಅದೇ ಶಾಟ್ ಕೊಡಿ. 0.25 ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಚೆದುರಿದ ಕಿರಣದ ಹತ್ತರಲ್ಲಿ ಒಂಬತ್ತು ಪಾಲಿನಷ್ಟನ್ನು ತಡೆಯುತ್ತದೆ. ಕೊನೆಗೆ ಮೀಟರನ್ನು ಹೊರಗಿನ ಬೆಂಚಿನ ಮೇಲಿಟ್ಟು ಒಮ್ಮೆ ಬಾಗಿಲು ಮುಚ್ಚಿ, ಒಮ್ಮೆ ಗೇಣಗಲ ತೆರೆದು ಎರಡು ಓದು ತೆಗೆಯಿರಿ. ಆ ಹೊತ್ತಿಗೆ ಕಾರಿಡಾರ್ ಪೂರ್ತಿ ಖಾಲಿ ಮಾಡಿಸಿರಬೇಕು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯೂ ಕಳಚುತ್ತದೆ. ಸ್ವಿಚ್ಚಿನಿಂದ ಕೈ ತೆಗೆದ ಕೂಡಲೇ ಮೀಟರ್ ಕೆಳಗಿಳಿಯುತ್ತದೆ. ಕೋಣೆಯೊಳಗೆ ಕಿರಣ 'ಉಳಿದುಕೊಂಡಿರುತ್ತದೆ', ಫ್ಯಾನ್ ಹಾಕಿದರೆ ಹೊರಗೆ ಹೋಗುತ್ತದೆ ಎಂದು ನಂಬಿದವರು ಗ್ರೂಪ್ ಡಿ ನೌಕರರಲ್ಲಿ ಮಾತ್ರವಲ್ಲ, ಸಿಸ್ಟರುಗಳಲ್ಲೂ ಇದ್ದಾರೆ. ಬೇಡದಲ್ಲಿ ಹೆದರುವವರು ಬೇಕಾದಲ್ಲಿ ಹೆದರುವುದಿಲ್ಲ. ಕಸ ಗುಡಿಸಲು ಖಾಲಿ ಕೋಣೆಗೆ ಹೋಗಲು ಅಂಜುವ ಆಯಾ, ಪೋರ್ಟಬಲ್ ಎಕ್ಸ್‌ರೇ ಹೊತ್ತಿಗೆ ರೋಗಿಯ ಪಕ್ಕದಲ್ಲೇ ನಿಂತಿರುತ್ತಾಳೆ.

ಓದು ಬಂದ ಮೇಲೆ ಅದನ್ನು ವಾರದ ಲೆಕ್ಕಕ್ಕೆ ತನ್ನಿ. ಒಂದು ಉದಾಹರಣೆ: ದಿನಕ್ಕೆ 40 ರೋಗಿಗಳು, ವಾರಕ್ಕೆ 6 ದಿನ, ತಲೆಗೆ ಸರಾಸರಿ ಒಂದೂವರೆ ಶಾಟ್, ಶಾಟಿಗೆ 50 ಎಂಎಎಸ್ (ಎಂಎಯನ್ನು ಸೆಕೆಂಡಿನಿಂದ ಗುಣಿಸಿದ್ದು) ಎಂದುಕೊಳ್ಳಿ. 18,000 ಎಂಎಎಸ್, 60ರಿಂದ ಭಾಗಿಸಿದರೆ ವಾರಕ್ಕೆ 300 ಎಂಎ-ನಿಮಿಷ. 100 ಎಂಎಯಲ್ಲಿ ಒತ್ತಿದಾಗ ಬೆಂಚಿನ ಮೇಲಿನ ಮೀಟರ್ ಗಂಟೆಗೆ 100 ಮೈಕ್ರೋಸೀವರ್ಟ್ (ಡೋಸಿನ ಅಳತೆ, ಸಾವಿರ ಸೇರಿದರೆ 1 ಮಿಲಿಸೀವರ್ಟ್) ತೋರಿಸಿದರೆ, 100ನ್ನು 300ರಿಂದ ಗುಣಿಸಿ 6,000ದಿಂದ ಭಾಗಿಸಿ (60 ನಿಮಿಷ, 100 ಎಂಎ): ವಾರಕ್ಕೆ 5 ಮೈಕ್ರೋಸೀವರ್ಟ್. ಸಾರ್ವಜನಿಕರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್, 50 ವಾರಕ್ಕೆ ಹಂಚಿದರೆ ವಾರಕ್ಕೆ 20 ಮೈಕ್ರೋಸೀವರ್ಟ್. ತೊಂದರೆಯಿಲ್ಲ. ಬಾಗಿಲು ತೆರೆದಾಗ ಅದೇ ಮೀಟರ್ 2,000 ತೋರಿಸಿದರೆ ವಾರಕ್ಕೆ 100, ಅಂದರೆ ಮಿತಿಯ ಐದು ಪಟ್ಟು. ಈ ಲೆಕ್ಕವನ್ನು ನೀವು ಮಾಡಿ ತೋರಿಸಬೇಡಿ, ಸೀಮೆಸುಣ್ಣ ಅವರ ಕೈಗೆ ಕೊಡಿ.

ಬಾಗಿಲು, ಬೆಂಚು, ಗೋಡೆ

ಬಾಗಿಲು ತೆರೆದೇ ಇರುವುದಕ್ಕೆ ಒಂದು ಸರಳ ಕಾರಣವಿದೆ: ಸೀಸದ ಬಾಗಿಲು ಭಾರ. 1.7 ಮಿಲಿಮೀಟರ್ ಸೀಸದ ಹಾಳೆ ಹೊತ್ತ ಬಾಗಿಲಿನ ಹಿಂಜು ಕುಸಿದರೆ ಅಡಿ ನೆಲಕ್ಕೆ ಉಜ್ಜುತ್ತದೆ. ಮಳೆಗಾಲದಲ್ಲಿ ಮರದ ಚೌಕಟ್ಟು ಉಬ್ಬಿ ಇನ್ನೂ ಬಿಗಿಯಾಗುತ್ತದೆ. ನೂರು ಸಲ ಎಳೆದು ಮುಚ್ಚು ಎಂದು ಬೋಧಿಸುವ ಬದಲು ಹಿಂಜು ರಿಪೇರಿ ಮಾಡಿಸಿ. ಕೆಂಪು ದೀಪ ಎಕ್ಸ್‌ಪೋಶರ್ ಹೊತ್ತಿಗೆ ಮಾತ್ರ ಉರಿಯಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಉರಿಯುವ ದೀಪವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಹೊರಗಿನ ಬೆಂಚನ್ನು ಬಾಗಿಲ ನೇರದಿಂದ ಸರಿಸಿ. ಜಡಿಮಳೆಯಲ್ಲಿ ವರಾಂಡದಲ್ಲಿ ನಿಂತವರೆಲ್ಲ ಒಳಗೆ ಒತ್ತಿಕೊಂಡು ಬರುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ಸೂರಿರುವ ಇನ್ನೊಂದು ಜಾಗ ತೋರಿಸಿ, ಅಲ್ಲಿ ಬೆಂಚು ಹಾಕಿ.

ಎಕ್ಸ್‌ರೇ ಕೋಣೆಯ ಗೋಡೆ ಸಾಮಾನ್ಯವಾಗಿ 23 ಸೆಂಟಿಮೀಟರ್ ಇಟ್ಟಿಗೆಯದು. ಮಲೆನಾಡಿನ ಹಳೆಯ ಕಟ್ಟಡಗಳಲ್ಲಿ ಜಂಬಿಟ್ಟಿಗೆ ಇರುವುದುಂಟು. ದಪ್ಪವೇನೋ ಹೆಚ್ಚೇ, ಆದರೆ ಕಲ್ಲಿನೊಳಗೆ ತೂತು, ಸಂದುಗಳಲ್ಲಿ ಮಣ್ಣಿನ ಗಾರೆ. ದಪ್ಪ ನೋಡಿ ನಂಬದೆ ಗೋಡೆಯುದ್ದಕ್ಕೂ, ಮುಖ್ಯವಾಗಿ ಎದೆಯ ಎಕ್ಸ್‌ರೇಗೆ ರೋಗಿ ನಿಲ್ಲುವ ಚೆಸ್ಟ್ ಸ್ಟ್ಯಾಂಡಿನ ಹಿಂದೆ, ಮೀಟರ್ ಹಿಡಿಸಿ. ಎಸಿ ಪೈಪಿಗೆಂದು ಕೊರೆದ ತೂತು, ಮುಚ್ಚದೆ ಬಿಟ್ಟ ಹಳೆಯ ಕಿಟಕಿ ಇವು ಸೋರುವ ಜಾಗಗಳು. ಕಂಟ್ರೋಲ್ ಪ್ಯಾನೆಲ್ ಕೋಣೆಯೊಳಗೇ ಇದ್ದರೆ ಟ್ಯೂಬಿನಿಂದ, ಚೆಸ್ಟ್ ಸ್ಟ್ಯಾಂಡಿನಿಂದ 3 ಮೀಟರಿಗೆ ಕಡಿಮೆ ಇರಬಾರದು, ಮುಂದೆ 1.5 ಮಿಲಿಮೀಟರ್ ಸೀಸಕ್ಕೆ ಸಮನಾದ, ಗಾಜಿನ ಕಿಂಡಿಯಿರುವ ತಡೆ ಬೇಕು. ಆ ತಡೆಗೆ ಚಕ್ರಗಳಿದ್ದು, ಓಡಾಟಕ್ಕೆ ಅಡ್ಡವೆಂದು ಮೂಲೆಗೆ ತಳ್ಳಿದ್ದರೆ, ಇವತ್ತೇ ತಂದು ನಿಲ್ಲಿಸಿ ಚಕ್ರಕ್ಕೆ ಬೀಗ ಹಾಕಿ.

ಏಪ್ರನ್

ತೊಡಬೇಕಾದವರು ನಿಲ್ಲುವ ಜಾಗದಿಂದ ಕೈಚಾಚಿದರೆ ಸಿಗುವಂತೆ ಗೂಟವಿರಲಿ: ಪೋರ್ಟಬಲ್ ಯಂತ್ರಕ್ಕೆ ಯಂತ್ರದ ಮೇಲೆಯೇ ಒಂದು, ಓಟಿಯಲ್ಲಿ ಕೈ ತೊಳೆಯುವ ಸಿಂಕಿನ ಮೊದಲು, ಎಕ್ಸ್‌ರೇ ಕೋಣೆಯಲ್ಲಿ ಬಾಗಿಲ ಒಳಬದಿ. ಅಗಲವಾದ, ಹೆಗಲಿನಾಕಾರದ ಹ್ಯಾಂಗರ್ ಬೇಕು. ಮೊಳೆಗೆ ನೇತುಹಾಕಿದರೆ ಕುತ್ತಿಗೆ ಬಳಿ ಹರಿಯುತ್ತದೆ, ಕುರ್ಚಿಯ ಮೇಲೆ ಮಡಿಸಿ ಎಸೆದರೆ ಮಡಿಕೆಯಲ್ಲಿ ಸೀಸದ ಪದರ ಸೀಳುತ್ತದೆ. ಹೊರಬಟ್ಟೆ ಮಾತ್ರ ಹೊಸದರಂತೆಯೇ ಇರುತ್ತದೆ, ಅದೇ ಅಪಾಯ.

ನಾತದ ದೂರನ್ನು ನಕ್ಕು ತಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಪ್ರನ್ ತೊಡದಿರುವುದಕ್ಕೆ ಮಲೆನಾಡಿನಲ್ಲಿ ಇದೇ ನಿಜವಾದ ಕಾರಣ. ವಾರಕ್ಕೊಮ್ಮೆ ಮೆದು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಎರಡರ ನಡುವೆ ಗೇಣು ಜಾಗ ಬಿಟ್ಟು ಫ್ಯಾನ್ ಗಾಳಿಗೆ ಬಿಡಿ. ನೀರಲ್ಲಿ ಅದ್ದುವುದು, ಬ್ಲೀಚು, ಇಸ್ತ್ರಿ ಯಾವುದೂ ಕೂಡದು. ಯಾರ ಪಾಳಿಯಲ್ಲಿ ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆದಿರಲಿ. ಕುತ್ತಿಗೆಗೆ ಕಟ್ಟುವ ಥೈರಾಯ್ಡ್ ಕಾಲರನ್ನು ಅದರದರ ಏಪ್ರನ್ನಿನ ಜೊತೆಗೇ ಕಟ್ಟಿಡಿ, ಬೇರೆ ಇಟ್ಟರೆ ಕಾಲರ್ ತೊಡುವವರು ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಸೀಳು ಪರೀಕ್ಷೆ. ಅಂಚಿನ ಒಳಬದಿಗೆ ಮಾರ್ಕರಿನಲ್ಲಿ ಸಂಖ್ಯೆ ಬರೆಯಿರಿ. ಮೊದಲು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿ, ಗಂಟು ಅಥವಾ ತೆಳುವಾದ ಜಾಗ ಕೈಗೆ ಸಿಗುತ್ತದೆ. ಆಮೇಲೆ ಸಿ-ಆರ್ಮಿನಲ್ಲಿ ಪಟ್ಟಿ ಪಟ್ಟಿಯಾಗಿ ನೋಡಿ, ನೋಡುವವರು ಇನ್ನೊಂದು ಏಪ್ರನ್ ತೊಟ್ಟಿರಬೇಕು. ಸಿಟಿ ಇದ್ದರೆ ಸ್ಕ್ಯಾನಿಗೆ ಮೊದಲು ತೆಗೆಯುವ ಒಂದು ಸ್ಕೌಟ್ ಚಿತ್ರದಲ್ಲೇ ಕೆಲಸ ಮುಗಿಯುತ್ತದೆ. ಬಿಳಿಯ ನಡುವೆ ಕಪ್ಪು ಗೆರೆ ಕಂಡರೆ ಅದು ಸೀಳು. ಎದೆ, ಹೊಟ್ಟೆ, ಕಾಲರಿನಲ್ಲಿ ಸೀಳಿದ್ದರೆ ಆ ದಿನವೇ ಕತ್ತರಿಯಿಂದ ಪಟ್ಟಿ ಕತ್ತರಿಸಿ ಯಾರೂ ತೊಡದಂತೆ ಮಾಡಿ. ಗುಜರಿಗೆ ಕೊಡಬೇಡಿ, ಒಳಗಿರುವುದು ಸೀಸ.

ಹಿಡಿಯುವವರು ಯಾರು?

ಸಿಬ್ಬಂದಿ ಹಿಡಿಯಬಾರದು ಎಂದಷ್ಟೇ ಹೇಳಿದರೆ ಅವರು ಹಿಡಿಯುತ್ತಲೇ ಇರುತ್ತಾರೆ. ಬದಲಿ ವ್ಯವಸ್ಥೆ ಬೇಕು. ರೆಕ್ಸಿನ್ ಚೀಲದಲ್ಲಿ ಎರಡು, ಮೂರು ಕಿಲೋ ಒಣ ಮರಳು ಹೊಲಿಸಿದ ನಾಲ್ಕು ಮೂಟೆ, ಫೋಮಿನ ಓರೆ ತುಂಡುಗಳು, ಅಗಲ ವೆಲ್ಕ್ರೋ ಪಟ್ಟಿಗಳು. ಶಿವಮೊಗ್ಗದ ಯಾವ ಸೀಟು ಹೊಲಿಯುವ ಅಂಗಡಿಯಲ್ಲಿ ಹೇಳಿದರೂ ಒಂದು ದಿನದ ಕೆಲಸ. ಇವು ಟೇಬಲ್ ಕೆಳಗೇ ಇರಲಿ, ಸ್ಟೋರಿನಲ್ಲಿ ಬೇಡ.

ಅದಕ್ಕೂ ಆಗದಿದ್ದರೆ ಜೊತೆ ಬಂದವರು ಹಿಡಿಯಲಿ: 18 ದಾಟಿದವರು, ಗರ್ಭಿಣಿಯಲ್ಲದವರು, ಏಪ್ರನ್ ತೊಟ್ಟು, ಪಕ್ಕಕ್ಕೆ ನಿಂತು, ಕಿರಣ ಬೀಳುವ ಜಾಗವನ್ನು ತೋರಿಸುವ ಬೆಳಕಿನ ಚೌಕದೊಳಗೆ ಕೈ ಬಾರದಂತೆ. ಯಾರು ಹಿಡಿದರೆಂದು ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಿರಿ. ಆ ಅಂಕಣದಲ್ಲಿ ಒಬ್ಬನೇ ವಾರ್ಡ್ ಬಾಯ್ ಹೆಸರು ತಿಂಗಳಿಗೆ ಹತ್ತು ಸಲ ಬಂದರೆ ಎಲ್ಲಿ ಕೈಹಾಕಬೇಕೆಂದು ನಿಮಗೆ ಗೊತ್ತಾಗುತ್ತದೆ.

ಹೆಂಗಸರಿಗೆ ಗರ್ಭದ ವಿಚಾರ ಕೇಳುವುದರಲ್ಲಿ ಸಿಬ್ಬಂದಿ ಸಂಕೋಚಪಟ್ಟು ಬಿಟ್ಟುಬಿಡುತ್ತಾರೆ. "ಪ್ರೆಗ್ನೆಂಟಾ?" ಎಂದು ಅತ್ತೆಯ ಎದುರು ಕೇಳಿದರೆ ಹೊಸ ಸೊಸೆ ಇಲ್ಲ ಎನ್ನದೆ ಇನ್ನೇನು ಹೇಳಿಯಾಳು? ಒಳಗೆ ಕರೆದ ಮೇಲೆ, ಆದಷ್ಟೂ ಹೆಂಗಸರೇ, "ಅಕ್ಕಾ, ಕೊನೇ ಸಲ ಹೊರಗಾಗಿದ್ದು ಯಾವತ್ತು?" ಎಂದು ಕೇಳಲಿ. ತಾರೀಕು ನೆನಪಿಲ್ಲದವರಿಗೆ ಹಬ್ಬ, ಸಂತೆ ನೆನಪಿರುತ್ತದೆ. ದಿನ ಮೀರಿದ್ದರೆ ಶಾಟ್ ನಿಲ್ಲಿಸಿ ವೈದ್ಯರನ್ನು ಕೇಳುವುದು, ತುರ್ತಿದ್ದರೆ ನಿರ್ಧಾರ ವೈದ್ಯರದ್ದು.

ಸಿ-ಆರ್ಮ್

ಸಿಬ್ಬಂದಿಯ ಮೈಗೆ ಹೆಚ್ಚು ಡೋಸ್ ಬೀಳುವುದು ಇಲ್ಲಿಯೇ, ಮಾತು ಕೇಳಿಸುವುದು ಕಷ್ಟವಾಗುವುದೂ ಇಲ್ಲಿಯೇ. ಮೂಳೆ ಶಸ್ತ್ರಚಿಕಿತ್ಸಕರ ಗಮನವೆಲ್ಲ ಮೂಳೆಗೆ ಕೂರಿಸುವ ರಾಡಿನ ಮೇಲಿರುತ್ತದೆ, ಕಾಲು ಕಿರಣ ಬಿಡುವ ಪೆಡಲಿನ ಮೇಲಿರುತ್ತದೆ.

ಕಿರಣ ರೋಗಿಯ ಮೈಗೆ ಹೊಕ್ಕುವ ಬದಿಯಲ್ಲೇ ಹೆಚ್ಚು ಚೆದುರುತ್ತದೆ. ಟ್ಯೂಬ್ ಟೇಬಲ್ ಕೆಳಗಿದ್ದರೆ ಚೆದುರಿದ್ದು ಹೆಚ್ಚಾಗಿ ನೆಲದ ಕಡೆ, ಕಾಲಿನ ಕಡೆ. ಟ್ಯೂಬ್ ಮೇಲಿದ್ದರೆ ಕಣ್ಣು, ಕುತ್ತಿಗೆಯ ಕಡೆ. ಆದ್ದರಿಂದ ಟ್ಯೂಬ್ ಕೆಳಗೆ, ಚಿತ್ರ ಹಿಡಿಯುವ ಡಿಟೆಕ್ಟರ್ ಮೇಲೆ, ಅದೂ ರೋಗಿಯ ಮೈಗೆ ತಾಗುವಷ್ಟು ಹತ್ತಿರ. ಸೊಂಟದ ಲ್ಯಾಟರಲ್ (ಪಕ್ಕದಿಂದ ನೋಡುವ ಚಿತ್ರ) ತೆಗೆಯುವಾಗ ಡಿಟೆಕ್ಟರ್ ಬದಿಗೆ ನಿಲ್ಲಬೇಕು. ಟ್ಯೂಬ್ ಬದಿಗೆ ನಿಂತವರಿಗೆ ಬಹಳ ಪಟ್ಟು ಹೆಚ್ಚು ಬೀಳುತ್ತದೆ. ನೀರಿನ ಕ್ಯಾನಿನ ಪ್ರಯೋಗವನ್ನು ಓಟಿಯಲ್ಲೂ ಮಾಡಿ: ಕ್ಯಾನಿನ ಎರಡೂ ಬದಿಗೆ 1 ಮೀಟರ್ ದೂರದಲ್ಲಿ, ಮೊಣಕಾಲು, ಸೊಂಟ, ಕಣ್ಣಿನ ಮಟ್ಟದಲ್ಲಿ ಓದು ತೆಗೆದು ಆ ಆರು ಅಂಕಿಗಳನ್ನು ಯಂತ್ರದ ಮೈಮೇಲೆ ಅಂಟಿಸಿ. ಸರ್ಜನ್‌ಗೆ ಟೆಕ್ನಿಷಿಯನ್ ಹೇಳಲಾರದ್ದನ್ನು ಆ ಚೀಟಿ ಹೇಳುತ್ತದೆ.

ಒಂದು ಮಾತಿನ ಒಪ್ಪಂದ ಮಾಡಿಕೊಳ್ಳಿ. ಪ್ರತಿ ಸಲ ಒತ್ತುವ ಮೊದಲು ಒತ್ತುವವರು "ಎಕ್ಸ್‌ರೇ" ಎನ್ನಬೇಕು, ಕೈ ಅಗತ್ಯವಿಲ್ಲದವರೆಲ್ಲ ಒಂದು ಹೆಜ್ಜೆ ಹಿಂದೆ. ಸರ್ಜನ್ ಆಗಲಿ, ಟೆಕ್ನಿಷಿಯನ್ ಆಗಲಿ, ಒಂದೇ ನಿಯಮ. ಮೊದಲ ವಾರ ನಗುತ್ತಾರೆ, ನಗಲಿ. ನಿರಂತರ ಒತ್ತುವ ಬದಲು ಒಂದೊಂದೇ ಶಾಟ್, ಯಂತ್ರದಲ್ಲಿ ಪಲ್ಸ್ (ಕಿರಣ ಬಿಟ್ಟು ಬಿಟ್ಟು ಬರುವ) ಸೌಲಭ್ಯವಿದ್ದರೆ ಅದು, ಪರದೆಯ ಮೇಲೆ ನಿಂತ ಕೊನೆಯ ಚಿತ್ರ ನೋಡಿಕೊಂಡೇ ಮುಂದಿನ ಹೆಜ್ಜೆ. ಕೇಸ್ ಮುಗಿದ ಮೇಲೆ ಯಂತ್ರ ತೋರಿಸುವ ಒಟ್ಟು ಸೆಕೆಂಡುಗಳನ್ನು ಓಟಿ ರಿಜಿಸ್ಟರಿನಲ್ಲಿ ಬರೆಯಿರಿ. ತಿಂಗಳ ಕೊನೆಗೆ ಅದೇ ಬಗೆಯ ಕೇಸುಗಳ ಸಮಯವನ್ನು ಯೂನಿಟ್ಟಿನಲ್ಲಿ ಎಲ್ಲರಿಗೂ ತೋರಿಸಿದರೆ ಸಾಕು, ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ. ಸರ್ಜನ್‌ಗಳ ಪೈಪೋಟಿ ತಾನೇ ಕೆಲಸ ಮಾಡುತ್ತದೆ.

ವಾರ್ಡಿನ ಪೋರ್ಟಬಲ್‌ಗೆ ಸ್ವಿಚ್ಚಿನ ವೈರು ಪೂರ್ತಿ ಚಾಚಿ, ಕಡಿಮೆಯೆಂದರೂ 2 ಮೀಟರ್ ದೂರದಿಂದ ಒತ್ತಬೇಕು. ಸುರುಳಿ ವೈರು ಹಳತಾಗಿ ಚಾಚದಿದ್ದರೆ ಬದಲಾಯಿಸಿ. ಸಿಟಿಯಲ್ಲಿ ಸ್ಕ್ಯಾನ್ ಹೊತ್ತಿಗೆ ಒಳಗೆ ಯಾರೂ ಇರಬೇಕಾಗಿಲ್ಲ. ಇರಲೇಬೇಕಾದರೆ ಏಪ್ರನ್ ತೊಟ್ಟು ಗ್ಯಾಂಟ್ರಿಯ (ರೋಗಿ ತೂರಿ ಹೋಗುವ ದೊಡ್ಡ ಬಳೆಯಂಥ ಭಾಗ) ಪಕ್ಕಕ್ಕೆ ಸರಿದು ನಿಲ್ಲಲಿ, ತೂತಿನ ನೇರಕ್ಕೆ ಬೇಡ.

ಮತ್ತೆ ತೆಗೆದ ಶಾಟ್‌ಗಳು

ಕೆಟ್ಟುಹೋಗಿ ಮತ್ತೆ ತೆಗೆದ ಪ್ರತಿ ಶಾಟ್ ರೋಗಿಗೂ ಸಿಬ್ಬಂದಿಗೂ ದಂಡ. ಡಿಜಿಟಲ್ ಬಂದ ಮೇಲೆ ಕೆಟ್ಟ ಚಿತ್ರವನ್ನು ಅಳಿಸಿಬಿಡುವುದರಿಂದ ಲೆಕ್ಕವೇ ಸಿಗುವುದಿಲ್ಲ. ಅಳಿಸುವ ಮೊದಲು ಕಾರಣಕ್ಕೊಂದು ಗೀಟು ಹಾಕಲು ಕನ್ಸೋಲ್ ಪಕ್ಕ ಹಾಳೆ ಅಂಟಿಸಿ: ಅಲುಗಾಟ, ಭಂಗಿ, ಕೆವಿ-ಎಂಎಎಸ್ ತಪ್ಪು, ಮೈಮೇಲಿನ ವಸ್ತು. ನೂರಕ್ಕೆ ಹತ್ತು ದಾಟಿದರೆ ಏನೋ ಕೆಟ್ಟಿದೆ ಎಂದರ್ಥ.

ನಮ್ಮ ಕಡೆ ಕೊನೆಯ ಕಾಲಂ ಬೇಗ ತುಂಬುತ್ತದೆ. ಬೆಳ್ಳಿ ಉಡಿದಾರ ಕಿಡ್ನಿ ಚಿತ್ರದ ಅಡ್ಡಕ್ಕೆ, ತಾಯತ ಎದೆಯ ನಡುವಿಗೆ, ಒದ್ದೆ ಜಡೆ ಶ್ವಾಸಕೋಶದ ತುದಿಗೆ. ಚಳಿಗೆ ಕಂಬಳಿ ಹೊದ್ದವರು, ಎರಡು ಸ್ವೆಟರ್ ತೊಟ್ಟವರು ಬೇರೆ. ಉಡಿದಾರ ಬಿಚ್ಚು ಎಂದರೆ ಎಷ್ಟೋ ಮಂದಿ ಒಪ್ಪುವುದಿಲ್ಲ. ಬಿಚ್ಚದೆ ಎದೆಯ ಮೇಲಕ್ಕೋ ತೊಡೆಯ ಕೆಳಕ್ಕೋ ಸರಿಸಿದರೂ ನಡೆಯುತ್ತದೆ, ಹಾಗೆಂದು ಹೇಳಿದರೆ ಜಗಳವೇ ಇಲ್ಲ. ನಾಟಿ ವೈದ್ಯರ ಪಟ್ಟು ಕಟ್ಟಿಕೊಂಡು ಬಂದವರಿದ್ದರೆ ತೆಗೆಯಬೇಕೋ ಬೇಡವೋ ಎಂದು ಶಾಟಿಗೆ ಮೊದಲೇ ವೈದ್ಯರನ್ನು ಕೇಳಿ.

ವರದಿ ಬಂದ ದಿನ

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಶಿಸ್ತಿನಿಂದ ಕೆಲಸ ಮಾಡುವವರು ಇದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಮಿತಿಯೊಳಗಿದ್ದೇವೆ ಎಂದು ಸಮಾಧಾನಪಡುವುದು ಸರಿಯಲ್ಲ. ನಿಮ್ಮ ಆಸ್ಪತ್ರೆಗೆ ನೀವೇ ಒಂದು ಕೆಳಗಿನ ಗೆರೆ ಎಳೆದುಕೊಳ್ಳಿ, ಮೂರು ತಿಂಗಳಿಗೆ 1 ಮಿಲಿಸೀವರ್ಟ್ ಎಂದಿಟ್ಟುಕೊಳ್ಳಬಹುದು. ಅದು ದಾಟಿದರೆ ಕೂತು ಮಾತಾಡುವುದು: ಬ್ಯಾಡ್ಜ್ ಕೋಣೆಯಲ್ಲಿ ಉಳಿದಿತ್ತೇ, ಏಪ್ರನ್ನಿನ ಹೊರಬದಿಗಿತ್ತೇ, ಅದನ್ನು ಯಾರಿಗಾದರೂ ಕೊಟ್ಟಿದ್ದರೇ, ಓಟಿ ಕೇಸು ಹೆಚ್ಚಿತ್ತೇ. ಈ ಮಾತುಕತೆ ಮೆಮೊ ರೂಪದಲ್ಲಿ ಶುರುವಾಗಬಾರದು. ಮೆಮೊ ಕೊಟ್ಟರೆ ಮುಂದಿನ ಸಲ ಬ್ಯಾಡ್ಜ್ ಮತ್ತೆ ಡ್ರಾಯರಿಗೆ ಹೋಗುತ್ತದೆ.

ಗರ್ಭಿಣಿಯಾದ ಸಿಬ್ಬಂದಿಯ ವಿಷಯವೂ ಹೀಗೆಯೇ. ತಿಳಿಸಿದ ದಿನದಿಂದ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ದಾಟಬಾರದು. ಸಿ-ಆರ್ಮ್, ಪೋರ್ಟಬಲ್‌ನಿಂದ ಬಿಡಿಸಿ ಕನ್ಸೋಲ್ ಕೆಲಸಕ್ಕೋ ವರದಿ ಕೆಲಸಕ್ಕೋ ಹಾಕಿ. ಸಂಬಳ, ರಜೆ, ಸೇವಾ ಹಿರಿತನಕ್ಕೆ ಧಕ್ಕೆಯಿಲ್ಲ ಎಂದು ಮೊದಲೇ ಬರೆದು ತಿಳಿಸಿದ್ದರೆ ಮಾತ್ರ ಅವರು ಎರಡನೇ ತಿಂಗಳಲ್ಲೇ ಹೇಳುತ್ತಾರೆ. ಇಲ್ಲದಿದ್ದರೆ ಹೊಟ್ಟೆ ಕಾಣುವವರೆಗೆ ಮುಚ್ಚಿಡುತ್ತಾರೆ.

ವರದಿಯನ್ನು ಕಡತಕ್ಕೆ ಸೇರಿಸುವ ಮೊದಲು ಅವರವರ ಸಾಲನ್ನು ಅವರವರಿಗೆ ತೋರಿಸಿ ಸಹಿ ಹಾಕಿಸಿ. ತನ್ನ ಅಂಕಿ ತಾನು ನೋಡದವನಿಗೆ ಬ್ಯಾಡ್ಜ್ ಒಂದು ಪ್ಲಾಸ್ಟಿಕ್ ತುಂಡು. ಹಾಗೆಯೇ ಸೊನ್ನೆ ಬಂದ ಸಾಲುಗಳನ್ನೂ ಬಿಡಬೇಡಿ. ಮೂರು ತಿಂಗಳಲ್ಲಿ ಅರವತ್ತು ಸಿ-ಆರ್ಮ್ ಕೇಸು ಮಾಡಿದವನ ಎದುರು ಸೊನ್ನೆ ಇದ್ದರೆ, ಓಟಿ ರಿಜಿಸ್ಟರನ್ನು ಪಕ್ಕಕ್ಕಿಟ್ಟುಕೊಂಡು, ಬಾಗಿಲು ಹಾಕಿ, ಚಹಾ ತರಿಸಿ, ಬ್ಯಾಡ್ಜ್ ಎಲ್ಲಿತ್ತೆಂದು ಮೆಲ್ಲನೆ ಕೇಳಿ.